ಇಡೀ ದೇಶದ ಲ್ಯಾನ್ಸಿ

ಲ್ಯಾನ್ಸಿಯ ಎರಡು ಕಿವಿಗಳೂ ಶುಂಠಿ ಗಡ್ಡೆಯ ಹಾಗೆ ಗಂಟುಗಟ್ಟಿದ್ದವು. ಮೊದಲ ಸಲ ನೋಡಿದವರು ಹುಟ್ಟಿನಿಂದಲೇ ಹಾಗಿರಬೇಕೆಂದು ಪಾಪ ಅನ್ನುತ್ತಿದ್ದರು. ಅವನಿಗೋ ಅವುಗಳ ಮೇಲೆ ವಿಪರೀತ ಪ್ರೀತಿ. ಕಿವಿಯ ಮೇಲೆ ಒಂದೆಳೆ ಕೂದಲೂ ಬೀಳದ ಹಾಗೆ ಕತ್ತರಿಸಬೇಕೆಂದು ಉಪ್ಪಳದ ಕ್ಷೌರಿಕನಿಗೆ ತಾಕೀತು ಮಾಡುತ್ತಿದ್ದ. "ವರ್ಷಗಟ್ಟಲೆ ಕುಸ್ತಿಯಲ್ಲಿ ನೆಲಕ್ಕೆ ತಿಕ್ಕಿ ತಿಕ್ಕಿ ಆದದ್ದು ಭಟ್ರೇ, ಮುಚ್ಚಿಡ್ಲಿಕ್ಕೆ ಉಂಟಾ?" ಎಂದು ನನ್ನನ್ನೇ ಕೇಳುತ್ತಿದ್ದ.

ನನ್ನದು ಗಡಿನಾಡು ಉಪ್ಪಳದಲ್ಲಿ, ಹೆದ್ದಾರಿಯ ಬದಿಯಲ್ಲಿ ಫ್ಲೆಕ್ಸ್ ಅಂಗಡಿ. ಮದುವೆ, ಚುನಾವಣೆ, ಶ್ರದ್ಧಾಂಜಲಿ ಎಲ್ಲದಕ್ಕೂ ಅದೇ ಯಂತ್ರ, ಅದೇ ಶಾಯಿ. ಲ್ಯಾನ್ಸಿ ಶಿರಿಯದ ಕೊಂಕಣಿ ಕ್ರಿಶ್ಚಿಯನ್ ಮನೆಯವನು. ತಂದೆ ಬೇಗ ತೀರಿಕೊಂಡು ತಾಯಿಯೊಬ್ಬರೇ ಬೆಳೆಸಿದ ಹುಡುಗ. ಮಂಗಳೂರಿಗೆ ಕರಾಟೆ ಕಲಿಯಲು ಹೋದವನು ಕೊನೆಗೆ ಗುದ್ದು, ಒದೆ, ಕುಸ್ತಿ ಮೂರೂ ಸೇರಿದ, ಕಬ್ಬಿಣದ ಬಲೆಯ ಪಂಜರದೊಳಗೆ ಆಡುವ ಮಿಕ್ಸೆಡ್ ಮಾರ್ಷಲ್ ಆರ್ಟ್ಸಿಗೆ ಬಂದು ನಿಂತ. ನೋಡಿದರೆ ನೊಣ ಹೊಡೆಯುವವನ ಹಾಗೂ ಇರಲಿಲ್ಲ. ಗೆದ್ದ ದಿನ ಸೋತವನ ಕೋಣೆ ಹುಡುಕಿಕೊಂಡು ಹೋಗಿ ಊಟಕ್ಕೆ ಕರೆದೊಯ್ಯುವುದು ಅವನ ಪದ್ಧತಿ. ಯಾಕೆ ಮಾರಾಯ ಎಂದರೆ, "ಹೊಡೆದ ಮೇಲೆ ಒಟ್ಟಿಗೆ ಕೂತು ಉಣ್ಣದಿದ್ರೆ ಅದು ಜಗಳ ಆಗ್ತದೆ ಭಟ್ರೇ. ನಾನು ಜಗಳದವ ಅಲ್ಲ" ಎನ್ನುತ್ತಿದ್ದ.

ಸಣ್ಣಪುಟ್ಟ ಊರುಗಳಲ್ಲಿ ಹೀಗೆ ಗೆಲ್ಲುತ್ತಿದ್ದವನನ್ನು ಹುಡುಕಿಕೊಂಡು ಮುಂಬೈಯಿಂದ ಒಬ್ಬ ಪ್ರಮೋಟರ್ ಬಂದ. ಪಂದ್ಯ ನಡೆಸುವ ಕಂಪನಿಯವನು, ಮೈತುಂಬ ಅತ್ತರು. ಮಾತುಕತೆ ನಡೆದದ್ದು ನನ್ನ ಅಂಗಡಿಯಲ್ಲೇ. ಲ್ಯಾನ್ಸಿ ಎಷ್ಟು ಪಂದ್ಯ ಗೆದ್ದಿದ್ದಾನೆಂದು ಆತ ಕೇಳಲೇ ಇಲ್ಲ. ಕೇಳಿದ್ದು, ನಿನ್ನ ಭಾಷೆ ಯಾವುದು, ನಿನ್ನ ಹಿಂದೆ ಯಾವ ಜನ ಬರುತ್ತಾರೆ ಎಂದು.

ಲ್ಯಾನ್ಸಿ ಸ್ವಲ್ಪ ಯೋಚಿಸಿ ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಪ್ರಾರ್ಥನೆ ಕೊಂಕಣಿಯಲ್ಲಿ, ಬೈಗುಳ ತುಳುವಿನಲ್ಲಿ, ಮಗ್ಗಿ ಕನ್ನಡದಲ್ಲಿ, ರೇಶನ್ ಕಾರ್ಡ್ ಮಲಯಾಳದಲ್ಲಿ."

ಪ್ರಮೋಟರನ ಮುಖ ಸಪ್ಪಗಾಯಿತು. ಗೆಲ್ಲುವವರು ಬೇಕಾದಷ್ಟು ಜನ ಸಿಗುತ್ತಾರೆ, ಚಾಂಪಿಯನ್ ಬೆಲ್ಟಿನ ಪಂದ್ಯ ಕೊಡಬೇಕಾದರೆ ಕ್ಯಾಮೆರಾದ ಎದುರು ಕೂಗುವ ಊರು ಬೇಕು ಎಂದ. ಲ್ಯಾನ್ಸಿ ಎದ್ದು ನಿಂತು, ನಾಲ್ಕು ಭಾಷೆಯವರೂ ಬರುತ್ತಾರೆ ಎಂದು ಮಾತು ಕೊಟ್ಟುಬಿಟ್ಟ.

ಕೊಚ್ಚಿಯಲ್ಲಿ ಪಂದ್ಯ ನಿಗದಿಯಾಯಿತು. ಎದುರಾಳಿ ಫಿಲಿಪೈನ್ಸಿನವನು. ಅಲ್ಲಿಂದ ಮುಂದೆ ನಮ್ಮ ಶಿರಿಯದ ಲ್ಯಾನ್ಸಿ 'ಭಾರತದ ಹುಲಿ' ಆದ. ಹೆಗಲ ಮೇಲೆ ಧ್ವಜ, ಕೆಳಗೆ 'ಇಡೀ ದೇಶ ಇವನ ಬೆನ್ನಿಗೆ' ಎಂಬ ಸಾಲು. ಜಾಹೀರಾತಿನ ವಿಡಿಯೋಗೆ ಎದುರಾಳಿಯನ್ನು ಬೈಯಬೇಕೆಂದರೆ, "ಒಳ್ಳೆ ಆಟಗಾರ ಅವ. ಮನೆಯಲ್ಲಿ ಸಣ್ಣ ಮಗು ಉಂಟಂತೆ" ಎಂದನಂತೆ. ಅದನ್ನು ಕಿತ್ತು ಬಿಸಾಡಿ, ಅವನು ಬಾಯಿ ತೆರೆದ ಜಾಗಕ್ಕೆ ಹುಲಿಯ ಗರ್ಜನೆ ಹಾಕಿದರು. ಅದನ್ನು ನೋಡಿ ನಾವೆಲ್ಲ ನಕ್ಕದ್ದೇ ನಕ್ಕದ್ದು. ಈಗ ನಗು ಬರುವುದಿಲ್ಲ.

ಜನ ಸೇರಿಸುವ ಕೆಲಸವನ್ನು ಮೀನಿನ ವ್ಯಾಪಾರಿ ಮೋನು ಬ್ಯಾರಿ ಮೈಮೇಲೆ ಎಳೆದುಕೊಂಡ. ನಮ್ಮ ಕಡೆ ಹುಲಿ ಎಂದರೆ ಹುಲಿವೇಷ, ಹುಲಿವೇಷ ಎಂದರೆ ತಾಸೆಯೆಂಬ ಚರ್ಮವಾದ್ಯದ ಪೆಟ್ಟು. ತಾಸೆ ಇಲ್ಲದೆ ಹುಲಿ ಹೊರಡುವುದಿಲ್ಲ. ಹಾಗಾಗಿ ತಾಸೆಯವರನ್ನೂ ಕೊಚ್ಚಿಗೆ ಕರೆದೊಯ್ಯುವುದೆಂದಾಯಿತು. ಇಗರ್ಜಿಯ ಹೆಂಗಸರು, ನಮ್ಮ ಶಾಲೆಯ ನಿವೃತ್ತ ಹೆಡ್‌ಮಾಸ್ತರರು, ರಜೆಯಲ್ಲಿ ಬಂದ ಗಲ್ಫಿನವರು, ಹಾವು ಮುಂಗುಸಿಯಂತಿದ್ದ ಎರಡು ಪಾರ್ಟಿಗಳವರು, ಎಲ್ಲರೂ ಟಿಕೆಟ್ ತೆಗೆದರು. ಉಪ್ಪಳದಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಪಂದ್ಯಕ್ಕೆ ಕೆಲವೇ ದಿನ ಇರುವಾಗ ಅಭ್ಯಾಸದಲ್ಲಿ ಜೊತೆಗಾರನ ಹೆಬ್ಬೆರಳು ಲ್ಯಾನ್ಸಿಯ ಎಡಗಣ್ಣಿಗೆ ಹೊಕ್ಕಿತು. ಕಣ್ಣಿನ ಮೂಲೆಯಿಂದ ಕಪ್ಪು ಪರದೆ ಇಳಿದ ಹಾಗೆ ಕಂಡಿತಂತೆ. ಒಳಪದರ ಬಿಟ್ಟುಕೊಂಡಿದೆ, ಕೂಡಲೇ ಆಪರೇಶನ್ ಮಾಡದಿದ್ದರೆ ಕಣ್ಣು ಹೋಗುತ್ತದೆ, ಪಂದ್ಯದ ಮಾತೇ ಬೇಡ ಎಂದು ಮಂಗಳೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅವನು ಪ್ರಮೋಟರನಿಗೆ ಫೋನ್ ಮಾಡಿದ. "ನನ್ನದೇನಿಲ್ಲ. ನಿನ್ನ ಊರು ಬರುತ್ತಿದೆಯಲ್ಲ, ಬರಬೇಡಿ ಎಂದು ನೀನೇ ಹೇಳು" ಎಂಬ ಉತ್ತರ ಬಂತು. ಇದೆಲ್ಲ ನನಗೆ ತಿಳಿದದ್ದು ವರ್ಷಗಳ ನಂತರ.

ಅದನ್ನು ಹೇಳಲಿಕ್ಕೆಂದೇ ಅವನು ಆ ದಿನ ನನ್ನ ಅಂಗಡಿಗೆ ಬಂದಿದ್ದ. ಒಳಗೆ ಕಾಲಿಡಲು ಜಾಗ ಇರಲಿಲ್ಲ. ತಾಸೆಯವರು ಚರ್ಮ ಬಿಗಿ ಮಾಡುತ್ತಿದ್ದರು, ಹೆಂಗಸರು ಹಳದಿ ಬನಿಯನುಗಳಿಗೆ ಕಪ್ಪು ಪಟ್ಟೆ ಹೊಲಿಯುತ್ತಿದ್ದರು. ಲ್ಯಾನ್ಸಿಯ ಅಮ್ಮ ಅವರ ನಡುವೆ ಕೂತು ಸೂಜಿಗೆ ನೂಲು ಪೋಣಿಸುತ್ತಿದ್ದರು. ಅವನು ಬಾಗಿಲಲ್ಲೇ ನಿಂತು ಸುಮಾರು ಹೊತ್ತು ನೋಡಿದ.

"ಒಂದು ವೇಳೆ ಕ್ಯಾನ್ಸಲ್ ಆದ್ರೆ ಎಂತ ಮಾಡ್ತೀರಿ?" ಎಂದ.

"ಎಂತ ಕ್ಯಾನ್ಸಲ್ ಮಾರಾಯ? ನಾಡಿದ್ದು ಶಿರಿಯ ಅರ್ಧ ಖಾಲಿ ಆಗ್ತದೆ!" ಎಂದು ಮೋನು ನಕ್ಕ.

ಅಮ್ಮ ತಲೆ ಎತ್ತಿ, "ಹೆದರಿಕೆ ಆಗ್ತದಾ ಬಾಬಾ? ನಾವಿದ್ದೇವೆ" ಎಂದರು. ಲ್ಯಾನ್ಸಿ ಲಿಂಬೆ ಚಹಾ ಕುಡಿದ. ಎಲ್ಲರಿಗೂ ಕೈಮುಗಿದು ಹೋದ.

ಪಂದ್ಯದ ಮೊದಲು ಕಣ್ಣಿನ ಪರೀಕ್ಷೆ ಎಂಬ ಶಾಸ್ತ್ರ ಇತ್ತು. ಬಲಗಣ್ಣಿನ ಸರದಿಯಲ್ಲಿ ಓದಿದ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಎಡಗಣ್ಣಿನ ಸರದಿಯಲ್ಲಿ ಒಪ್ಪಿಸಿದನಂತೆ. ಯಾರೂ ಎರಡನೇ ಮಾತು ಕೇಳಲಿಲ್ಲ.

ಪಂಜರದಲ್ಲಿ ಅವನು ವಿಚಿತ್ರವಾಗಿ ಆಡಿದ. ಅವನ ಎಡಗಡೆಯಿಂದ ಬಂದ ಪ್ರತಿ ಗುದ್ದೂ ಮುಖಕ್ಕೇ ಬೀಳುತ್ತಿತ್ತು. ನಾವು ಅದನ್ನು ಧೈರ್ಯ ಎಂದುಕೊಂಡು ತಾಸೆಯವರಿಗೆ ಇನ್ನಷ್ಟು ಜೋರಾಗಿ ಬಡಿಯಲು ಹೇಳಿದೆವು. ಎರಡನೇ ಸುತ್ತಿನಲ್ಲಿ ಬಲಗಣ್ಣೂ ಊದಿ ಮುಚ್ಚಿಕೊಂಡಿತು. ಆಗ ಎದುರಾಳಿಯ ಸೊಂಟಕ್ಕೆ ತೆಕ್ಕೆಹಾಕಿ ಅವನನ್ನು ನೆಲಕ್ಕೆ ಕೆಡವಿದ. ನೆಲದ ಮೇಲಿನ ಕುಸ್ತಿಯ ಪಟ್ಟಿಗೆ ಕಣ್ಣು ಬೇಡ, ಕೈಗೇ ಗೊತ್ತಿರುತ್ತದೆ. ಕತ್ತು ಸಿಕ್ಕಿತು, ಎದುರಾಳಿ ಸೋಲೊಪ್ಪಿ ನೆಲ ತಟ್ಟಿದ. ಬೆಲ್ಟು ಕಟ್ಟುವಾಗ ಲ್ಯಾನ್ಸಿ ಬೇರೆ ಎತ್ತಲೋ ಮುಖ ಮಾಡಿ ನಿಂತಿದ್ದ. ದೇಶದ ಧ್ವಜ ಹೊದೆಸಿ, ಯಾರೋ ಭುಜ ಹಿಡಿದು ಕ್ಯಾಮೆರಾದ ಕಡೆ ತಿರುಗಿಸಿದರು.

ಆಪರೇಶನ್ ತಡವಾಗಿತ್ತು. ಎಡಗಣ್ಣು ಹಾಲು ಬಿದ್ದ ಹಾಗೆ ಬೆಳ್ಳಗಾಯಿತು. ಮುಂದಿನ ಪಂದ್ಯದ ಟಿಕೆಟ್ ಮಾರಿ ಹೋಗುವವರೆಗೆ ವಿಷಯ ಹೊರಗೆ ಬರಬಾರದೆಂದು ಕಂಪನಿ ಅವನ ಬಾಯಿ ಕಟ್ಟಿತು. ಊರಿನವರು ಕೇಳಿದರೆ ಇನ್‌ಫೆಕ್ಷನ್ ಎನ್ನುತ್ತಿದ್ದ. ಆ ವರ್ಷವಿಡೀ ಮುಂಬೈಯಿಂದ ನನಗೆ ಪೋಸ್ಟರುಗಳು ಬರುತ್ತಿದ್ದವು, ಎರಡೂ ಕಣ್ಣು ಫಳಫಳ ಹೊಳೆಯುವ ಲ್ಯಾನ್ಸಿ. ಆಮೇಲೊಂದು ದಿನ ಅದೇ ಧ್ವಜ, ಅದೇ ಸಾಲುಗಳ ಕೆಳಗೆ ಪಂಜಾಬಿನ ಹುಡುಗನೊಬ್ಬನ ಮುಖ ಬಂತು. 'ವೈಯಕ್ತಿಕ ಕಾರಣಗಳಿಂದ' ಹಳೆಯ ಚಾಂಪಿಯನ್ ಬೆಲ್ಟು ಬಿಟ್ಟುಕೊಟ್ಟಿದ್ದಾನೆ ಎಂದು ಕಂಪನಿ ಪ್ರಕಟಿಸಿತು. ಇಡೀ ದೇಶ ಬೆನ್ನಿಗಿದೆ ಎಂದಿದ್ದರಲ್ಲ, ಆ ದೇಶ ಫೋನಿನ ಕಾಮೆಂಟುಗಳಲ್ಲಿ ಅವನನ್ನು ಹೇಡಿ ಎಂದು ಕರೆಯಿತು. ಬೈದವರಲ್ಲಿ ಉಪ್ಪಳದವರೂ ಇದ್ದರು.

ಗಲ್ಫಿಗೆ ಹೋಗೋಣವೆಂದರೆ ಮೆಡಿಕಲ್‌ನಲ್ಲಿ ಕಣ್ಣು ಅಡ್ಡ ಬಂತು. ಕೊನೆಗೆ ನಮ್ಮ ಹತ್ತಿರದ ಅನಂತಪುರದ ಕೈಗಾರಿಕಾ ಎಸ್ಟೇಟಿನ ಒಂದು ಪ್ಲೈವುಡ್ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂತ. ಎರಡು ಸಾವಿರದ ಹತ್ತೊಂಬತ್ತರಲ್ಲಿ ಬೋರ್ಡೊಂದನ್ನು ಕೊಡಲು ಹೋದಾಗ ನಾನು ಅವನನ್ನು ಕಂಡೆ. ಅಮ್ಮ ತೀರಿಕೊಂಡು ಆಗಷ್ಟೇ ತಿಂಗಳಾಗಿತ್ತು. ಊರು ಬಿಟ್ಟು ಗೋವಾಕ್ಕೆ ಹೋಗುತ್ತೇನೆಂದ. ಆಮೇಲೆ ಹೆಬ್ಬೆರಳಿನಿಂದ ಹಿಡಿದು ನಡೆದದ್ದೆಲ್ಲವನ್ನೂ ಬೇರೆ ಯಾರದ್ದೋ ಕಥೆ ಎಂಬಂತೆ ಹೇಳಿದ.

ನನಗೆ ಸಿಟ್ಟೇ ಬಂತು. "ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ? ಟಿಕೆಟಿನ ದುಡ್ಡು ಹೋದ್ರೆ ಹೋಗ್ತಿತ್ತು. ಯಾರು ಎಂತ ಹೇಳ್ತಿದ್ರು ನಿಂಗೆ?"

"ಯಾರೂ ಎಂತದೂ ಹೇಳ್ತಿರ್ಲಿಲ್ಲ. ಅದು ನಂಗೂ ಗೊತ್ತುಂಟು" ಎಂದ. "ನಂಗೆ ಆಸೆ ಆಯ್ತು ಭಟ್ರೇ. ಅಷ್ಟು ಜನ ನಂಗೋಸ್ಕರ ಒಟ್ಟಿಗೆ ಬರುದನ್ನು ಒಮ್ಮೆ ನೋಡ್ಬೇಕು ಅಂತ."

ಅವನು ಸ್ಟೂಲನ್ನು ಹತ್ತಿರ ಎಳೆದುಕೊಂಡ.

"ಪಂದ್ಯದ ದಿನ ಒಳಗೆ ಬರುವಾಗ ಕಣ್ಣಿಗೇ ಲೈಟ್ ಬಿಟ್ಟಿದ್ರು, ಎಂತದೂ ಕಾಣ್ಲಿಲ್ಲ. ಗೆದ್ದ ಮೇಲೆ ನೋಡುವ ಅಂತ ಇದ್ದೆ. ಅಷ್ಟ್ರಲ್ಲಿ ಈ ಬಲಗಣ್ಣೂ ಮುಚ್ಚಿತು. ತಾಸೆ ಮಾತ್ರ ಕೇಳ್ತಾ ಇತ್ತು." ಆಮೇಲೆ ಕೇಳಿದ, "ಯಾರೆಲ್ಲ ಬಂದಿದ್ರು ಭಟ್ರೇ? ಅಮ್ಮ ಎಲ್ಲಿ ಕೂತಿದ್ರು?"

ಅಮ್ಮ ಎರಡನೇ ಸಾಲಿನಲ್ಲಿ ಹಳದಿ ಬನಿಯನನ್ನು ಸೀರೆಯ ಮೇಲೆಯೇ ಹಾಕಿಕೊಂಡು ಕೂತಿದ್ದರು ಎಂದೆ. ಅವರ ಪಕ್ಕ ಮೋನು, ಅವನ ಹೆಂಡತಿ. ಹಿಂದೆ ಹೆಡ್‌ಮಾಸ್ತರರು, ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಲ್ಯಾನ್ಸಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ನಾನು ನಿಲ್ಲಿಸಿದಾಗಲೆಲ್ಲ, "ಮತ್ತೆ?" ಎನ್ನುತ್ತಿದ್ದ. ಲಾರಿಯೊಂದು ಬಂದು ಹಾರ್ನ್ ಹೊಡೆಯುವವರೆಗೂ ನಾನು ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾ ಹೋದೆ.