ರೋಲರಿನ ಪಾಳಿ

ಎಂಬತ್ತರ ದಶಕದ ಮೊದಲಲ್ಲಿ ನಾನು ರಸ್ತೆ ಕಾಮಗಾರಿಯ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವಳಾಗಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರೂ ಕಡೆಗೆ ಸೇರಿ ನಮಗಿದ್ದದ್ದು ಒಂದೇ ರೋಡ್ ರೋಲರ್. ಅದಕ್ಕೂ ಪಾಳಿ! ನಾಲೆಯ ನೀರಿನ ಹಾಗೆ ಹದಿನೈದು ದಿನ ಇವರಿಗೆ, ಹದಿನೈದು ದಿನ ಅವರಿಗೆ. ನಾಲೆಯನ್ನೇ ಕಾಣದ ಜಗಳೂರಿನಿಂದ ಬಂದ ನನಗೆ ಇದು ಶುದ್ಧ ಹುಚ್ಚಾಟವಾಗಿ ಕಂಡಿತು. ನೀರಾದರೆ ತಾನೇ ಹರಿದು ಹೋಗುತ್ತದೆ. ರೋಲರ್ ಮನುಷ್ಯರ ನಡಿಗೆಯಲ್ಲಿ ತೆವಳಬೇಕು. ತಲುಪಿದ ಮೇಲೆ ನೋಡಿದರೆ ಅಲ್ಲಿ ರೋಲರ್ ಉರುಳುವ ಮೊದಲು ಆಗಬೇಕಾದ ಮೋರಿಯನ್ನೇ ಕಟ್ಟಿರುವುದಿಲ್ಲ.

"ಅಕ್ಕಾರೆ, ಕೆಲ್ಸ ಮಾಡಿದ್ದಕ್ಕಿಂತ ದಾರಿ ನಡೆದದ್ದೇ ಜಾಸ್ತಿ ಆಗೈತ್ರಿ" ಎಂದು ಅದರ ಡ್ರೈವರ್ ಗೋಳಾಡುತ್ತಿದ್ದ.

ಸಿಟ್ಟು ತಡೆಯಲಾರದೆ ಒಂದು ತಿಂಗಳು ಊಟದ ಬಿಡುವನ್ನೆಲ್ಲ ಇದಕ್ಕೇ ಹಾಕಿದೆ. ಮುಂದಿನ ಕಾಮಗಾರಿಗಳನ್ನೆಲ್ಲ ಚೀಟಿಗಳಲ್ಲಿ ಬರೆದು, ಒಂದು ಮುಗಿಯದೆ ಇನ್ನೊಂದು ಶುರುವಾಗದ ಕಡೆ ದಾರ ಕಟ್ಟಿದೆ. ಕೆಲಸವೆಲ್ಲ ಮುಗಿದಿರಬೇಕಾದ ಮಳೆಗಾಲದಿಂದ ಹಿಂದಕ್ಕೆ ದಿನ ಎಣಿಸಿದೆ. ರೋಲರ್ ಅತಿ ಕಡಿಮೆ ನಡೆಯುವ ದಾರಿ ಸಿಗುವವರೆಗೆ ಚೀಟಿಗಳನ್ನು ಅದಲುಬದಲು ಮಾಡಿದೆ. ಸಿಕ್ಕಿತು! ಪಾಳಿಯಲ್ಲಿ ಐದು ವರ್ಷ ಹಿಡಿಯುವ ಕೆಲಸ ಮೂರಕ್ಕೆ ಇಳಿಯಿತು. ಚನ್ನಗಿರಿಯ ಬಸವಾಪಟ್ಟಣದ ಕಡೆ ಮೊದಲು, ಹೊನ್ನಾಳಿ ಆಮೇಲೆ, ನ್ಯಾಮತಿ ಕಡೆಯ ಸವಳಂಗ ಕೊನೆಗೆ. ಅಷ್ಟರೊಳಗೆ ಸವಳಂಗದ ಮೋರಿಗಳೆಲ್ಲ ಮುಗಿದಿರಬೇಕು.

ನಮ್ಮ ಕಚೇರಿಯ ಸಾಹೇಬರು ಒಪ್ಪಿದರು, ಆದರೆ ಊರವರಿಗೆ ನೀವೇ ಹೇಳಿ ಎಂದು ಜಾರಿಕೊಂಡರು. ಊರವರನ್ನು ಕರೆದ ಸಭೆಯಲ್ಲಿ ಸವಳಂಗದ ಹಿರಿಯರೊಬ್ಬರು ಎದ್ದು ನಿಂತರು.

"ನಮ್ಮ ಪಾಳಿ ಕಿತ್ಕೊಂಡು ಎರಡು ವರ್ಷ ಕಾಯಿರಿ ಅಂದ್ರೆ ಹೆಂಗ್ರೀ ತಾಯಿ? ನಾವೇನು ರೋಡು ಕೇಳಾಕೆ ಬಾಯಿ ಇಲ್ದೋರಾ?"

"ಮೂರನೇ ಮಳೆಗಾಲದೊಳಗೆ ನಿಮ್ಮ ರೋಡು ಮುಗೀದಿದ್ರೆ ಈ ಕೆಲಸ ಬಿಟ್ಟು ಜಗಳೂರಿಗೆ ಹೋಗ್ತೀನ್ರಿ" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಮನೆ ನಡೆಯುತ್ತಿದ್ದದ್ದೇ ನನ್ನ ಸಂಬಳದಲ್ಲಿ. ಆಮೇಲೆ ಮೋಡ ಕಂಡಾಗಲೆಲ್ಲ ಉಳಿದ ದಿನಗಳನ್ನು ಮತ್ತೆ ಎಣಿಸುತ್ತಿದ್ದೆ.

ಮೂರನೇ ಬೇಸಿಗೆಯಲ್ಲಿ ರೋಲರ್ ಸವಳಂಗಕ್ಕೆ ಬಂತು. ಮೋರಿಗಳು ಸಿದ್ಧ, ಜಲ್ಲಿ ಸಿದ್ಧ. ಒಂದು ದಿನವೂ ಸುಮ್ಮನೆ ನಿಲ್ಲದೆ ಉರುಳಿತು. ಮುಂಗಾರಿನ ಮೊದಲ ಹನಿಗೆ ಹದಿನೆಂಟು ದಿನ ಮುಂಚೆ ರಸ್ತೆ ಮುಗಿಯಿತು. ಅಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈ ತುದಿಯಿಂದ ಆ ತುದಿಗೆ ಬಿಸಿಲಲ್ಲೇ ನಡೆದುಬಂದೆ.

ಆ ಹಿರಿಯರು ರೋಲರಿಗೆ ತೆಂಗಿನಕಾಯಿ ಒಡೆದು, ನಮ್ಮ ಸಾಹೇಬರ ಕಡೆ ತಿರುಗಿದರು.

"ಮುಂದಿನ ಪಟ್ಟಿನೂ ಈ ತಾಯಿನೇ ಮಾಡ್ಲಿ ಬಿಡ್ರಿ. ನಮ್ಮನ್ನ ಕೊನೆಗೆ ಹಾಕಿದ್ರೂ ಚಿಂತಿಲ್ಲ."