ಮೂರು ಗಂಟೆಯ ಈಡು

ಹೋದ ವಾರ ಮನೆಗೆ ಬಣ್ಣ ಹೊಡೆಸಲೆಂದು ಬೀರು ಖಾಲಿ ಮಾಡುತ್ತಿದ್ದಾಗ, ಹಳೆಯ ಕನ್ನಡಕದ ಡಬ್ಬಿಯಿಂದ ಒಂದು ಖಾಲಿ ತೋಟಾ ಉರುಳಿಬಿತ್ತು. ಕೋವಿಗೆ ತುಂಬುವ ತೋಟಾ. ಕೆಂಪು ಕಾಗದದ ಮೈ, ಹಿತ್ತಾಳೆಯ ತಳ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದರೂ ಸುಟ್ಟ ಮದ್ದಿನ ವಾಸನೆ ಒಂಚೂರು ಉಳಿದಿತ್ತು... ಅಥವಾ ನನಗೆ ಹಾಗನ್ನಿಸಿತೋ ಏನೋ. “ಇದನ್ನ ಎಸೀಲೇನ್ರೀ?” ಎಂದಳು ಹೆಂಡತಿ. ಬೇಡ ಎಂದೆ. ಯಾಕೆ ಬೇಡ ಎಂದು ಅವಳಿಗೂ ಇದುವರೆಗೆ ಹೇಳಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಗಂಗಾನಗರದ ಒಂದು ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆ. ಮುಂದಿನ ಮನೆಯಲ್ಲಿ ಓನರು ಒಬ್ಬರೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ರಾಜಾನುಕುಂಟೆ ಕಡೆಯವರು. ಅಲ್ಲಿ ಅವರ ಭಾಮೈದ ಬೇಸಾಯ ಮಾಡಿಕೊಂಡಿದ್ದ. ನಾನು ಅವರನ್ನು ಯಜಮಾನ್ರೇ ಎನ್ನುತ್ತಿದ್ದೆ. ಅವರು ನನ್ನನ್ನು ಪುಕ್ಕಲಯ್ಯ ಎಂದು ಕರೆಯುತ್ತಿದ್ದರು. ಹಲ್ಲಿ ಲೊಚಗುಟ್ಟಿದರೂ ಹಾರಿ ಬೀಳುತ್ತಿದ್ದ ನನಗೆ ಆ ಹೆಸರು ಸರಿಯಾಗಿಯೇ ಒಪ್ಪುತ್ತಿತ್ತು.

ವರ್ಷಕ್ಕೊಂದು ಸಲ ಅವರಿಗೆ ಜಿಂಕೆಯ ಹುಚ್ಚು ಹತ್ತುತ್ತಿತ್ತು. ಹೊಲ ಕಾಯಲು ಪಡೆದ ಲೈಸೆನ್ಸಿನ ಒಂಟಿ ನಳಿಗೆಯ ಕೋವಿಯನ್ನು ಬಿಚ್ಚಿ, ಹಾಸಿಗೆ ಸುರುಳಿಯೊಳಗೆ ಸುತ್ತಿ, ದೊಡ್ಡಬಳ್ಳಾಪುರದ ಆಚೆಯ ಬೆಟ್ಟಗಳಿಗೆ ಒಬ್ಬರೇ ಹೊರಟುಬಿಡುತ್ತಿದ್ದರು. ಶಿಕಾರಿ ಮಾಡಬಾರದೆಂದು ಕಾನೂನು ಬಂದು ಆಗಲೇ ಕೆಲವು ವರ್ಷವಾಗಿತ್ತು. ಆ ಶನಿವಾರ ಬೆಳಗ್ಗೆ ನನ್ನ ಬಾಗಿಲು ಬಡಿದು, ಬೆಟ್ಟದ ಗುರುತು, ಗಂಟೆ ಎಲ್ಲ ಬರೆದ ಚೀಟಿ ಕೈಗಿಟ್ಟರು.

“ನಾಳೆ ಅನ್ನೆರಡು ಗಂಟೆಗೆ ನಾ ಬರ್ದೆ ಇದ್ರೆ, ರಾಜಾನುಕುಂಟೆ ಬಸ್ ಅತ್ತು. ನಮ್ ಭಾಮೈದನ ಕೈಗೆ ಇದನ್ನ ಕೊಡು. ಅವನು ಮೂರು ಗಂಟೆಗೆಲ್ಲಾ ಬೆಟ್ಟದ ತಾವ ಇರ್ತಾನೆ. ನಾನು ಮೂರರಿಂದ ಗಂಟೆಗೊಂದು ಈಡು ಆರಿಸ್ತೀನಿ. ಸದ್ದು ಬಂದ ಕಡೆ ಬಂದ್ರೆ ಸಾಕು.”

“ಅವರಿಗೆ ಈಗಲೇ ಹೇಳಿ ಹೋಗಬಾರ್ದಾ ಯಜಮಾನ್ರೇ?” ಎಂದೆ.

“ಮೊದ್ಲೇ ಗೊತ್ತಾದ್ರೆ ಬಿಡ್ತಾನೇನೋ ಅವ್ನು!” ಎಂದು ನಗುತ್ತಾ ಹೊರಟರು.

ಭಾನುವಾರ ಹನ್ನೊಂದರಿಂದಲೇ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಹನ್ನೆರಡಾಯಿತು. ಚಪ್ಪಲಿ ಮೆಟ್ಟಿ ಹೊರಗೆ ಬಂದವನು ಅಲ್ಲೇ ನಿಂತುಬಿಟ್ಟೆ. ನಮ್ಮ ಕಾಂಪೌಂಡಿಗೆ ಒರಗಿದಂತೆ ಒಂದು ಪೊಲೀಸ್ ಜೀಪು ನಿಂತಿತ್ತು. ಹೊಂಗೆ ಮರದ ನೆರಳಲ್ಲಿ ಇಬ್ಬರು ಪೇದೆಗಳು ನಮ್ಮ ಗೇಟನ್ನೇ ನೋಡುತ್ತಿದ್ದರು.

ಓನರು ಸಿಕ್ಕಿಬಿದ್ದಿದ್ದಾರೆ, ಪೊಲೀಸರು ಮನೆ ತಪಾಸಣೆಗೆ ಬಂದಿದ್ದಾರೆ ಎಂದೇ ಲೆಕ್ಕ ಹಾಕಿದೆ. ಜೇಬಿನಲ್ಲಿ ಬೆಟ್ಟದ ಚೀಟಿ! ಹಿಡಿದರೆ ನಾನೂ ಪಾಲುದಾರ. ಕೇಸಾದರೆ ಕೆಲಸ ಕಾಯಂ ಆಗುವುದು ಹೋಗಲಿ, ಊರಲ್ಲಿ ಅಪ್ಪನ ಮುಖ ಹೇಗೆ ನೋಡುವುದು? ಒಳಗೆ ಹೋಗಿ ಚಿಲಕ ಹಾಕಿದೆ. ಚೀಟಿಯನ್ನು ಅಕ್ಕಿ ಡಬ್ಬಿಯೊಳಗೆ ತುರುಕಿದೆ. ಸಿಕ್ಕಿಬಿದ್ದಿದ್ದರೆ ಕ್ಷೇಮವಾಗಿಯೇ ಇದ್ದಾರಲ್ಲ, ನಾನು ಹೋಗಿ ಮಾಡುವುದೇನು ಎಂದು ನನಗೆ ನಾನೇ ಹೇಳಿಕೊಂಡೆ. ಸಿಕ್ಕಿಬಿದ್ದಿರದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದೆ. ಜೀಪು ಅಲ್ಲೇ ಇರುತ್ತಿತ್ತು. ಮತ್ತೆ ಬಂದು ಕೂರುತ್ತಿದ್ದೆ. ಒಂದಾಯಿತು, ಎರಡಾಯಿತು, ಮೂರು ಹೊಡೆಯಿತು.

ಮೂರೂವರೆಗೆ ಎದುರು ಮನೆಯಿಂದ ಇನ್ಸ್‌ಪೆಕ್ಟರು ಎಲೆ ಅಡಿಕೆ ಜಗಿಯುತ್ತಾ ಹೊರಬಂದರು. ಹಿಂದೆ ಆ ಮನೆಯವರು ಮಗುವನ್ನೆತ್ತಿಕೊಂಡು ಬೀಳ್ಕೊಡಲು ಬಂದರು. ನಾಮಕರಣದ ಊಟಕ್ಕೆ ಬಂದಿದ್ದರಂತೆ! ಪೇದೆಗಳು ನೆರಳು ನೋಡಿಕೊಂಡು ನಮ್ಮ ಗೇಟಿನ ಹತ್ತಿರ ನಿಂತಿದ್ದರು, ಅಷ್ಟೇ.

ಅಕ್ಕಿಯೊಳಗೆ ಕೈ ಹಾಕಿ ಚೀಟಿ ಕೆದಕಿ ತೆಗೆದು ಓಡಿದೆ. ಮುಖ್ಯರಸ್ತೆಗೆ ಬಂದ ಕೂಡಲೇ ಬಸ್ಸು ಸಿಕ್ಕಿತು. ರಾಜಾನುಕುಂಟೆ ಮುಟ್ಟಿದಾಗ ಐದು ಗಂಟೆ.

“ಇದೇನ್ ಸಾಮಿ, ಅನ್ನೆರಡು ಗಂಟೆ ಅಂತ ಬರ್ದವ್ರೆ, ಇಷ್ಟೊತ್ತಿಗೆ ಬಂದಿದೀರಾ?” ಎಂದು ಭಾಮೈದ ಚೀಟಿ ಹಿಡಿದು ಕೇಳಿದ.

“ಬಸ್ಸು ಸಿಗಲಿಲ್ಲ” ಎಂದೆ. ಯೋಚಿಸದೆ ಬಾಯಿಗೆ ಬಂದ ಮಾತು.

ಅವನು ಜನ ಕಟ್ಟಿಕೊಂಡು ಬೆಟ್ಟದ ಬುಡ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಕೂಗಿದರಂತೆ. ಯಾವ ಈಡೂ ಕೇಳಲಿಲ್ಲ. ಈ ಬೆಟ್ಟದಲ್ಲಿಲ್ಲ ಎಂದುಕೊಂಡು ಪಕ್ಕದ ಬೆಟ್ಟ ಹುಡುಕಿದರಂತೆ. ಮಾರನೆಯ ಬೆಳಗ್ಗೆ ಕುರಿಯವನೊಬ್ಬ ಓನರನ್ನು ಕಂಡು ಕೂಗಿಕೊಂಡ. ಬಂಡೆಯ ಸಂದಿನಲ್ಲಿ ಬಲಗಾಲು ಜಜ್ಜಿಹೋಗಿ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಎರಡು ತಿಂಗಳ ಮೇಲೆ ಊರುಗೋಲು ಹಿಡಿದು ಮನೆಗೆ ಬಂದರು. ಜಗಲಿಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಶನಿವಾರ ಸಂಜೆ ಜಿಂಕೆ ಕಂಡಿತ್ತು. ಗುರಿ ಹಿಡಿದು ಒಂದು ಹೆಜ್ಜೆ ಹಿಂದಿಟ್ಟಾಗ ಬಂಡೆ ಉರುಳಿತು.

“ರಾತ್ರಿ ಏನೋ ಬಂದು ನನ್ನ ಕಾಲ್ ಮೂಸ್ತಿತ್ತು ಕಣಯ್ಯ. ಚಿರತೇನೋ ಕರಡೀನೋ, ಕಾಣಿಸ್ಲಿಲ್ಲ. ಉಸಿರು ಮಾತ್ರ ಬಿಸಿಯಾಗಿ ತಾಗ್ತಿತ್ತು. ಉಳಿದಿದ್ದು ಮೂರೇ ತೋಟಾ. ಒಡೀಲಿಲ್ಲ. ಹಲ್ಲು ಕಚ್ಕೊಂಡು ಮಲ್ಗಿದ್ದೆ. ನೀನು ಕಳ್ಸೋ ಜನಕ್ಕೆ ಅಂತ ಇಟ್ಕೊಂಡೆ. ಮೂರು ಗಂಟೆಗೊಂದು, ನಾಲ್ಕಕ್ಕೊಂದು, ಐದಕ್ಕೊಂದು ಆರಿಸ್ದೆ. ಕತ್ತಲಾದ ಮೇಲೆ ಕೆಳಗೆ ಕೂಗೋದು ಕೇಳ್ತು. ಕೂಗೋಣ ಅಂದ್ರೆ ನಂಗೆ ಗಂಟಲೇ ಇರ್ಲಿಲ್ಲ. ಕೋವಿ ಬರಿದಾಗಿತ್ತು. ಆಮೇಲೆ ಮತ್ತೆ ಬಂತು ಅದು...”

ಅಲ್ಲಿಗೆ ನಿಲ್ಲಿಸಿದರು. ಅವರ ಗಲ್ಲ ಅದುರುತ್ತಿತ್ತು. ಆ ಮನುಷ್ಯ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಜೇಬಿನಿಂದ ಈ ತೋಟಾ ತೆಗೆದು ನನ್ನ ಅಂಗೈಗಿಟ್ಟರು.

“ಮೂರು ಗಂಟೇದು ಇದು. ಬಸ್ ಸಿಗ್ದೆ ಪಾಪ ಒದ್ದಾಡ್ಬಿಟ್ಯಂತೆ. ನಿನ್ನಿಂದ ಬದುಕ್ದೆ ಕಣೋ ಪುಕ್ಕಲಯ್ಯ. ಇಟ್ಕೊ.”

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರು ನಗುತ್ತಿದ್ದರು. ತೋಟಾವನ್ನು ಜೇಬಿಗೆ ಹಾಕಿಕೊಂಡೆ.

ಮುಂದಿನ ವರ್ಷ ಮನೆ ಬದಲಾಯಿಸಿದೆ. ಕಚೇರಿಗೆ ದೂರ ಎಂದು ನೆಪ ಹೇಳಿದೆ. ನಿಜ ಏನೆಂದರೆ, ಊರುಗೋಲಿನ ಟಕ್ ಟಕ್ ಸದ್ದು ಕೇಳಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಒಂದು ದಿನ ಅವರು ತೀರಿಕೊಂಡ ಸುದ್ದಿ ತಿಳಿಯಿತು. ಮಣ್ಣಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ಭಾಮೈದನೂ ಈಗಿಲ್ಲವಂತೆ. ತಪ್ಪಾಯಿತು ಎಂದು ಹೇಳಿಕೊಳ್ಳಲು ಯಾರೂ ಉಳಿದಿಲ್ಲ.

ಬಣ್ಣದ ಕೆಲಸ ಮುಗಿದು ಬೀರು ಮತ್ತೆ ತುಂಬಿದೆ. ಕನ್ನಡಕದ ಡಬ್ಬಿಯನ್ನು ಅದರ ಜಾಗದಲ್ಲೇ ಇಟ್ಟಿದ್ದೇನೆ. ಯಜಮಾನ್ರೇ, ಆ ಭಾನುವಾರ ರಾಜಾನುಕುಂಟೆಗೆ ಬಸ್ಸುಗಳು ಬೆಳಗಿನಿಂದ ಓಡುತ್ತಲೇ ಇದ್ದವು.