ಎರಿ ಹೊಲ ತಿದ್ದಿದ ಕೈ

ರಾಷ್ಟ್ರೀಯ ಶಾಲಾ ಭೂಗೋಳ ಪಠ್ಯಕ್ಕೆ ಪ್ರತಿ ಪ್ರದೇಶದಿಂದ ಒಂದೇ ಒಂದು ಸ್ಥಳೀಯ ಪಾಠ ಬೇಕಿತ್ತು. ನಮ್ಮ ಭಾಗದ ಪಾಠವನ್ನು ಸಿರಸಂಗಿ ಕಡೆಯ ಶಿಕ್ಷಕಿಯೊಬ್ಬರು ಬರೆದಿದ್ದರು. ವಿಷಯ, ಹೊಲದ ಮಣ್ಣು. ಪತ್ರಿಕೆಯಲ್ಲಿ ಬಹುಕಾಲ ಉಪಸಂಪಾದಕನಾಗಿದ್ದ ನನ್ನನ್ನು ಭಾಷೆ ತಿದ್ದಲು ಕರೆದಿದ್ದರು.

ದೆಹಲಿಯಿಂದ ಇಂಗ್ಲಿಷ್ ಅನುವಾದ ಮರಳಿ ಬಂದ ದಿನ ಪಾಠದ ಸಮಿತಿಯವರೆಲ್ಲ ಬೈಲಹೊಂಗಲದ ಶಾಲೆಯೊಂದರಲ್ಲಿ ಸೇರಿದ್ದೆವು. ಓದುತ್ತಿದ್ದ ಶಿಕ್ಷಕಿ ಎರಡನೇ ಸಾಲಿಗೇ ನಿಂತರು. ಸವದತ್ತಿಯ ರೈತರು ಎರೆಹುಳು ಸಾಕುವ ಹೊಲಗಳಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತಾರೆ ಎಂದು ಅಲ್ಲಿತ್ತು. ಕೆಳಗೆ ಪರಿಶೀಲನಾ ತಂಡದ ಷರಾ: ಮಾಹಿತಿ ನಂಬುವಂತಿಲ್ಲ, ಸಮಜಾಯಿಷಿ ಇಲ್ಲದಿದ್ದರೆ ಬೇರೆ ಪಾಠ ಕಳಿಸಿ.

"ನಾ ಬರದಿದ್ದು ಎರಿ ಹೊಲಾರೀ, ಕರಿ ಮಣ್ಣಿಂದು. ಹುಳಾ ಎಲ್ಲಿಂದ ಬಂತು?"

ಸಮಿತಿಯ ಸಂಯೋಜಕರು ರಾಮದುರ್ಗದ ನಿವೃತ್ತ ಉಪನ್ಯಾಸಕರು. ಅವರು ನಕ್ಕರು. "ಇರ್ಲಿ ಬಿಡ್ರಿ ಅಕ್ಕೋರ, ಹೊಲದಾಗ ಹುಳಾ ಇರೂದಿಲ್ಲೇನು?"

"ಹೊಲದಾಗ ಇರ್ಲಿ. ನನ್ನ ಪಾಠದಾಗ ಯಾರು ಬಿಟ್ರು, ಅದನ್ನ ಹೇಳ್ರಿ."

ಆ ನಗು ನನಗೆ ಸರಿ ಕಾಣಲಿಲ್ಲ. ಬೇರೆ ಪಾಠವೆಂದರೆ ಸಂಯೋಜಕರದೇ, ಮಲಪ್ರಭೆಯ ಅಣೆಕಟ್ಟಿನದು. ಚಿತ್ರ ಸಮೇತ ಸಿದ್ಧವಿತ್ತು. ಮಣ್ಣಿನ ಪಾಠ ದೆಹಲಿಗೆ ಹೋದದ್ದೂ ಅವರ ಲ್ಯಾಪ್‌ಟಾಪಿನಿಂದಲೇ. ಚಹಾ ಹೇಳುವ ನೆಪದಲ್ಲಿ ಎರಡು ಸಲ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದರು. ಎರಡೂ ಸಲ ಗಡಿಯಾರ ನೋಡಿ ಸಮಯ ಬರೆದುಕೊಂಡೆ. ಆಪಾದನೆಗೆ ಮೊದಲು ದಾಖಲೆ ಬೇಕು. ಪಾಠದ ಕರಡುಗಳನ್ನು ಕೇಳಿದೆ. ಅವರು ತಕ್ಷಣ ತೆಗೆದುಕೊಟ್ಟದ್ದು ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಮೊದಲ ಕರಡಿನಲ್ಲಿ ಶಿಕ್ಷಕಿ "ಎರಿ, ಅಂದರೆ ಕರಿ ಮಣ್ಣಿನ ಹೊಲ" ಎಂದೇ ಬರೆದಿದ್ದರು. ಎರಡನೆಯದರಲ್ಲಿ "ಎರೆ ಹೊಲ" ಎಂದಷ್ಟೇ ಉಳಿದಿತ್ತು. ಆಡುಮಾತನ್ನು ಬರಹದ ರೂಪಕ್ಕೆ ತಂದು, ವಿವರಣೆಯನ್ನು ಪುನರುಕ್ತಿಯೆಂದು ಹೊಡೆದುಹಾಕಲಾಗಿತ್ತು. ಈ ಸೀಮೆ ಕಾಣದ ಅನುವಾದಕರಿಗೆ ಎರೆ ಎಂದೊಡನೆ ಹುಳು ಹೊಳೆದಿರಬೇಕು. ತಿದ್ದುಪಡಿಯ ಪಕ್ಕದಲ್ಲಿದ್ದ ಸಹಿ ನನ್ನದು.

ತಿದ್ದಿದವನು ನಾನೇ, ಮರೆತಿದ್ದೆ ಎಂದೆ.

ಸಂಯೋಜಕರು ಈ ಸಲ ನಗಲಿಲ್ಲ. "ನೀವು ಗಡಿಯಾರ ನೋಡ್ಲಿಕ್ಕೆ ಹತ್ತಿದಾಗ ಗೊತ್ತಾತ್ರಿ ಸಾಹೇಬ್ರ, ಕಳ್ಳ ನಾನೇ ಅಂತ ತಿಳಕೊಂಡೀರಿ ಅಂತ. ಮಗಳಿಗೆ ಜ್ವರ ಐತಿ, ಅದಕ್ಕ ಫೋನು."

ಕ್ಷಮೆ ಕೇಳಿದೆ. ತಪ್ಪು ನನ್ನದೆಂದು ಎರಡು ಸಾಲು ಬರೆದು ಮೂಲ ವಾಕ್ಯ ಜೋಡಿಸಿದೆ, ಅವರೇ ಕಳಿಸಿದರು. ಪಾಠವನ್ನು ಉಳಿಸಿಕೊಂಡಿದ್ದೇವೆಂದು ಸಂಜೆಯೊಳಗೆ ಉತ್ತರ ಬಂತು.

ಶಿಕ್ಷಕಿ ಮಾತ್ರ ಏಳಲಿಲ್ಲ. "ಉಳಿದ ಪುಟಾನೂ ಕೊಡ್ರಿ ಸರ್. ಇನ್ನೇನೇನು ಶುದ್ಧ ಮಾಡೀರಿ, ನೋಡತೇನಿ."

ಮುಂದಿನ ಪುಟದಲ್ಲೇ ಅವರ ಬೆರಳು ನಿಂತಿತು. "ಇಲ್ಲೆ ಕೆಂಪು ಮಣ್ಣು ಅಂತ ಐತಿ. ನಾ ಮಸಾರಿ ಅಂತ ಬರದಿದ್ದೆ."

ನಾನು ಕುರ್ಚಿಯನ್ನು ಅವರ ಮೇಜಿನ ಹತ್ತಿರ ಎಳೆದುಕೊಂಡು ಮೊದಲ ಕರಡನ್ನು ಬಿಡಿಸಿದೆ.